ಸೆಪ್ಟೆಂಬರ್ 18ರ ನಂತರ ಏನಾಯಿತು?

ನನ್ನ ಮಗಳು ಎಂಟನೆಯ ತರಗತಿಯಲ್ಲಿದ್ದಾಗಿನ ಮಾತು. ಸೆಪ್ಟೆಂಬರ್ 17ಕ್ಕೆ ಅವಳ ಶಾಲೆಯಲ್ಲಿ ಒಂದು ಕಿರುನಾಟಕ ಇಟ್ಟುಕೊಂಡಿದ್ದರು. ವಿಷಯ ಹೈದರಾಬಾದ್ ವಿಮೋಚನೆ. ಇವಳಿಗೆ ಹಳ್ಳಿಯ ಹೆಂಗಸಿನ ಪಾತ್ರ, ಎರಡು ಸಲ ಕಿರುಚಿ ಒಂದು ಸಲ ಬೀಳಬೇಕು, ಅಷ್ಟೆ. ರಿಹರ್ಸಲ್ ಮುಗಿಸಿ ಬಂದವಳು ಊಟಕ್ಕೆ ಕೂತಾಗ, ಇದು ಹೇಳುವಂಥ ವಿಷಯವೇ ಅಲ್ಲ ಎಂಬಂತೆ ಹೇಳಿದಳು: ರಜಾಕಾರರ ಪಾತ್ರಕ್ಕೆ ಟೀಚರು ತರಗತಿಯ ಇಬ್ಬರು ಮುಸ್ಲಿಂ ಹುಡುಗರನ್ನು ಆರಿಸಿದ್ದಾರೆ. ಯಾಕೆ ಎಂದೆ. 'ಅವರಿಗೆ ಉರ್ದು ಚೆನ್ನಾಗಿ ಬರುತ್ತೆ ಅಂತೆ' ಎಂದಳು.

ಆ ಇಬ್ಬರಲ್ಲಿ ಒಬ್ಬ ಕೇರಳದವನು. ಮನೆಯಲ್ಲಿ ಮಲಯಾಳಂ. ಅವನ ಉರ್ದು ನನ್ನ ಉರ್ದುವಿಗಿಂತ ಕೆಟ್ಟದ್ದು.

ಮರುದಿನ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಶಾಲೆಗೆ ಹೋದೆ. ಬಹಳ ಮರ್ಯಾದೆಯಿಂದ ಕೂರಿಸಿ ಮಾತಾಡಿಸಿದರು. 'ಸರ್, ಇತಿಹಾಸ ಇತಿಹಾಸವೇ ಅಲ್ಲವೇ? ಮಕ್ಕಳು ಇದನ್ನೆಲ್ಲ ಆಟದ ಹಾಗೆ ತಗೋತಾರೆ' ಎಂದರು. ನಾಟಕ ನಡೆಯಿತು. ಕೇರಳದ ಹುಡುಗ ಅಂದು ಜ್ವರ ಎಂದು ಬರಲಿಲ್ಲ. ಜ್ವರ ಇರಲಿಲ್ಲ ಎಂದು ಮಗಳು ಹೇಳುತ್ತಾಳೆ.

ಮುಂದಿನ ವರ್ಷ ಶಾಲೆಯವರು ಹುಷಾರಾದರು. ನಾಟಕ ಬಿಟ್ಟು ಅದೇ ವಾರದಲ್ಲಿ 'ಸಹಿಷ್ಣುತಾ ಸಪ್ತಾಹ' ಮಾಡಿದರು. ಪೋಸ್ಟರ್ ಸ್ಪರ್ಧೆ, ಘೋಷಣೆ ಬರೆಯುವ ಸ್ಪರ್ಧೆ. ಕಾರಿಡಾರಿನ ತುಂಬ ಪಾರಿವಾಳಗಳು, ಭೂಗೋಳವನ್ನು ಸುತ್ತಿದ ಕೈಗಳು, ನಾಲ್ಕು ಧರ್ಮಗಳ ನಾಲ್ಕು ಚಿಹ್ನೆಗಳು. ಚೆನ್ನಾಗಿಯೇ ಇದ್ದವು. ಒಂದರಲ್ಲೂ ಒಂದು ಇಸವಿ ಇರಲಿಲ್ಲ, ಒಂದು ಊರಿನ ಹೆಸರಿರಲಿಲ್ಲ. ಯಾರು ಯಾರನ್ನು ಸಹಿಸಬೇಕು, ಸಹಿಸದೇ ಹೋದಾಗ ಏನಾಗಿತ್ತು ಎಂಬ ಸುಳಿವೇ ಇರಲಿಲ್ಲ.

ನನ್ನ ಜಗಳ ಈ ಎರಡರ ಜೊತೆಗೂ ಇದೆ. ಮೊದಲನೆಯ ವರ್ಷದ ನಾಟಕ ಮಕ್ಕಳಿಗೆ ದ್ವೇಷ ಕಲಿಸಿತು. ಎರಡನೆಯ ವರ್ಷದ ಪಾರಿವಾಳ ಏನನ್ನೂ ಕಲಿಸಲಿಲ್ಲ. ಆದರೆ ಶಾಲೆಯಲ್ಲಿ ಏನನ್ನೂ ಕಲಿಯದ ಮಗುವಿಗೆ ಆ ನಾಟಕವನ್ನು ಮೊಬೈಲ್ ಫೋನು ಕಲಿಸುತ್ತದೆ, ಶಾಲೆಗಿಂತ ಜೋರಾಗಿ. 2024ರ ಮಾರ್ಚಿನಲ್ಲಿ 'ರಜಾಕಾರ್' ಎಂಬ ತೆಲುಗು ಸಿನಿಮಾ ಬಂತಲ್ಲ, ಅದರ ಇಂಗ್ಲಿಷ್ ಉಪಶೀರ್ಷಿಕೆಯಲ್ಲೇ ಹೈದರಾಬಾದಿನ ಮೌನ ನರಮೇಧ ಎಂದಿತ್ತು. ನಮ್ಮ ಅಪಾರ್ಟ್‌ಮೆಂಟಿನ ಹನ್ನೆರಡು ವರ್ಷದ ಹುಡುಗರಿಗೆ ಅದರ ತುಣುಕುಗಳು ಬಾಯಿಪಾಠ. ಅವರು ಚಿಕ್ಕವರು, ಇಂಥದ್ದೆಲ್ಲ ಬೇಡ ಎನ್ನುವ ಹಿರಿಯರು ಯಾವ ಮಕ್ಕಳ ಬಗ್ಗೆ ಮಾತಾಡುತ್ತಿದ್ದಾರೋ ಗೊತ್ತಿಲ್ಲ.

ಮೈಸೂರು, ಮಂಡ್ಯ, ಶಿವಮೊಗ್ಗ ಕಡೆಯಿಂದ ಹೈದರಾಬಾದಿಗೆ ಬಂದ ಗೆಳೆಯರಿಗೆ ಸೆಪ್ಟೆಂಬರ್ 17 ಏನೆಂದು ಪ್ರತಿ ವರ್ಷ ಹೇಳಬೇಕಾಗುತ್ತದೆ. ಅವರ ಸ್ವಾತಂತ್ರ್ಯ 1947ರ ಆಗಸ್ಟ್ 15ಕ್ಕೆ ಮುಗಿದ ವಿಷಯ. ಬೀದರ್, ಕಲಬುರಗಿ, ರಾಯಚೂರು ಕಡೆಯ ನಮಗೆ ಅದು ಹದಿಮೂರು ತಿಂಗಳು ತಡವಾಗಿ ಬಂತು. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ನಿಜಾಮನ ರಾಜ್ಯದೊಳಗೆ ಬಂತು, 17ಕ್ಕೆ ನಿಜಾಮ ಸೋಲೊಪ್ಪಿದ, 18ಕ್ಕೆ ಅವನ ಸೇನಾಧಿಪತಿ ಎಲ್ ಎಡ್ರೂಸ್ ಮೇಜರ್ ಜನರಲ್ ಜೆ.ಎನ್. ಚೌಧುರಿಯವರ ಮುಂದೆ ಶರಣಾದ. ದಾಖಲೆಯಲ್ಲಿ ಇದು ಆಪರೇಷನ್ ಪೋಲೋ. ನಮ್ಮ ಹಳ್ಳಿಗಳಲ್ಲಿ ಇಂದಿಗೂ 'ಪುಲೀಸ್ ಆಕ್ಷನ್'. ಅದಕ್ಕೆ ಮುಂಚಿನ ಕಾಲಕ್ಕೆ 'ರಜಾಕಾರ ಹಾವಳಿ' ಎಂದು ಹೆಸರು.

ಹಾವಳಿ ಸುಳ್ಳಲ್ಲ. ಇದನ್ನು ಮೊದಲೇ ಗಟ್ಟಿಯಾಗಿ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ಕೆಲವು ಓದುಬರಹದ ಸ್ನೇಹಿತರು ಇದನ್ನು ಹೇಳಲು ಮುಜುಗರಪಡುತ್ತಾರೆ. ಲಾತೂರಿನ ವಕೀಲ ಕಾಸಿಂ ರಜ್ವಿ ಮುನ್ನಡೆಸಿದ ಪಡೆ ಹಳ್ಳಿ ಹಳ್ಳಿಗಳನ್ನು ಸುಟ್ಟಿತು. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣ ಸೀಮೆಯ ಗೋರಟಾದಲ್ಲಿ ಸತ್ತವರು ಇನ್ನೂರರಷ್ಟು ಎನ್ನುತ್ತಾರೆ. ಆಗಸ್ಟ್ 27ಕ್ಕೆ ತೆಲಂಗಾಣದ ಭೈರನಪಲ್ಲಿಯಲ್ಲಿ ಸತ್ತವರು ತೊಂಬತ್ತಕ್ಕೂ ಹೆಚ್ಚು. ಭಾಲ್ಕಿ ತಾಲ್ಲೂಕಿನ ವರವಟ್ಟಿಯಲ್ಲಿ ಮನೆಗೆ ಬೆಂಕಿ ಬಿದ್ದು ಮಲ್ಲಿಕಾರ್ಜುನ ಖರ್ಗೆಯವರ ತಾಯಿ ಮತ್ತು ತಂಗಿ ಸತ್ತರು. ಖರ್ಗೆ ಆಗ ಸಣ್ಣ ಹುಡುಗ. 2024ರ ನವೆಂಬರಿನಲ್ಲಿ ಈ ಸಾವನ್ನು ಯಾರೋ ಚುನಾವಣಾ ಭಾಷಣಕ್ಕೆ ಎಳೆದು ತಂದಾಗ ಮಗ ಪ್ರಿಯಾಂಕ್ ಕೊಟ್ಟ ಉತ್ತರದ ಸಾರ ಇಷ್ಟು: ಅದನ್ನು ಮಾಡಿದವರು ರಜಾಕಾರರು, ಇಡೀ ಮುಸ್ಲಿಂ ಸಮುದಾಯವಲ್ಲ. ನೀವು ಯಾವ ಪಕ್ಷಕ್ಕಾದರೂ ವೋಟು ಹಾಕಿ. ಅಜ್ಜಿಯನ್ನು ಬೆಂಕಿಯಲ್ಲಿ ಕಳೆದುಕೊಂಡ ಮನೆಯವರು ಮಾಡಬಲ್ಲ ಈ ವ್ಯತ್ಯಾಸವನ್ನು, ಯಾರನ್ನೂ ಕಳೆದುಕೊಳ್ಳದ ಒಬ್ಬ ಟೀಚರು ಪಾತ್ರ ಹಂಚುವಾಗ ಮಾಡಲಿಲ್ಲ.

ಇನ್ನೊಂದು ಹೆಸರು ಆ ನಾಟಕದಲ್ಲಿ ಇರಬೇಕಿತ್ತು. ನಾವು ಕನ್ನಡಿಗರು ರಾಜ್ಯೋತ್ಸವಕ್ಕೆ, ನಾಟಕಕ್ಕೆ ಎಂದು ಕಾಚಿಗುಡಕ್ಕೆ ಹೋಗುತ್ತೇವೆ. ಕರ್ನಾಟಕ ಸಾಹಿತ್ಯ ಮಂದಿರ ಅಲ್ಲಿದೆ, ನೃಪತುಂಗ ಶಾಲೆ ಅಲ್ಲಿದೆ. ಅದೇ ಕಾಚಿಗುಡದ ಚಪ್ಪಲ್ ಬಜಾರಿನ ಹತ್ತಿರ 1948ರ ಆಗಸ್ಟ್ 21ರ ರಾತ್ರಿ, ಪತ್ರಿಕೆಯ ಕೆಲಸ ಮುಗಿಸಿ ಮನೆಗೆ ಹೊರಟಿದ್ದ ಶೋಯಬುಲ್ಲಾ ಖಾನ್ ಎಂಬ ಸಂಪಾದಕನ ಮೇಲೆ ಬಿದ್ದು ಕೈ ಕತ್ತರಿಸಿ, ಗುಂಡು ಹೊಡೆದರು. ಅವನ ಉರ್ದು ಪತ್ರಿಕೆಯ ಹೆಸರು 'ಇಮ್ರೋಜ್'. ಅವನು ಮಾಡಿದ ತಪ್ಪು, ಹೈದರಾಬಾದ್ ಭಾರತದೊಳಗೆ ಸೇರಬೇಕು, ರಜಾಕಾರರು ದಾರಿ ತಪ್ಪಿದ್ದಾರೆ ಎಂದು ಬರೆದದ್ದು. ಸಾಯುವಾಗ ಮೂವತ್ತೂ ಆಗಿರಲಿಲ್ಲ. ಹಾಗೆಯೇ ತೆಲಂಗಾಣದ ರೈತರು ಎದ್ದುನಿಂತದ್ದು ನಿಜಾಮನ ವಿರುದ್ಧ ಮಾತ್ರವಲ್ಲ, ವಿಸ್ನೂರಿನಂಥ ಊರುಗಳ ಹಿಂದೂ ದೇಶಮುಖರ ವಿರುದ್ಧ ಕೂಡ. 1946ರಲ್ಲಿ ದೊಡ್ಡಿ ಕೊಮರಯ್ಯ ಸತ್ತದ್ದು ಆ ದೇಶಮುಖರ ಕಡೆಯವರ ಗುಂಡಿಗೆ. ಇಷ್ಟನ್ನು ಹೇಳಿದರೆ ಸಾಕು, ನಾಟಕದಲ್ಲಿ ಯಾರು ಯಾವ ಪಾತ್ರ ಮಾಡಬೇಕು ಎಂಬ ಲೆಕ್ಕವೇ ಕೆಡುತ್ತದೆ.

ನಾಟಕ ಧ್ವಜ ಏರಿಸುವುದರೊಂದಿಗೆ ಮುಗಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಮನೆಗೆ ಬರುವಾಗ ಕಾರಿನಲ್ಲಿ ಮಗಳು ಕೇಳಿದಳು: 'ಅಪ್ಪಾ, ಹದಿನೆಂಟಕ್ಕೆ ಏನಾಯ್ತು?'

ಹದಿನೆಂಟರ ನಂತರ ಆದದ್ದು ಇದು. ಗೆದ್ದ ಮೇಲಿನ ದಿನಗಳಲ್ಲಿ, ವಾರಗಳಲ್ಲಿ, ಉಸ್ಮಾನಾಬಾದ್, ಕಲಬುರಗಿ, ಬೀದರ್, ನಾಂದೇಡ್ ಸೀಮೆಯ ಹಳ್ಳಿಗಳಲ್ಲಿ ಮುಸ್ಲಿಮರನ್ನು ಕೊಲ್ಲಲಾಯಿತು. ಸುದ್ದಿ ದೆಹಲಿಗೆ ಮುಟ್ಟಿತು. ನೆಹರೂ ಪಂಡಿತ್ ಸುಂದರಲಾಲರ ಮುಂದಾಳತ್ವದಲ್ಲಿ ಒಂದು ತಂಡವನ್ನು ಕಳಿಸಿದರು. ಖಾಜಿ ಅಬ್ದುಲ್ ಗಫಾರ್ ಜೊತೆಗಿದ್ದರು. ಅವರು 1948ರ ನವೆಂಬರ್ 29ರಿಂದ ಡಿಸೆಂಬರ್ 21ರವರೆಗೆ ಓಡಾಡಿದರು. ಒಂಬತ್ತು ಜಿಲ್ಲೆ, 21 ಪಟ್ಟಣ, 23 ಹಳ್ಳಿ ನೋಡಿದರು. ತಾವು ಹೋಗಲಾಗದ 109 ಹಳ್ಳಿಗಳ 500ಕ್ಕೂ ಹೆಚ್ಚು ಜನರನ್ನು ಮಾತಾಡಿಸಿದರು. ಕೊನೆಗೆ ಬರೆದದ್ದು: ಬಹಳ ಕಡಿಮೆ ಹಿಡಿದು ಲೆಕ್ಕ ಹಾಕಿದರೂ, ಕಾರ್ಯಾಚರಣೆಯ ವೇಳೆ ಮತ್ತು ಆಮೇಲೆ ಸತ್ತವರು 27 ಸಾವಿರದಿಂದ 40 ಸಾವಿರ. ನಾನು ಹೆಸರಿಸಿದ ನಾಲ್ಕು ಜಿಲ್ಲೆಗಳಲ್ಲೇ 18 ಸಾವಿರಕ್ಕೆ ಕಡಿಮೆಯಿಲ್ಲ. ಆ ನಾಲ್ಕರಲ್ಲಿ ಎರಡು ಇವತ್ತು ಕರ್ನಾಟಕದಲ್ಲಿವೆ. ಅದರಲ್ಲೊಂದು ನನ್ನ ಜಿಲ್ಲೆ.

ವರದಿ ಸೈನ್ಯವನ್ನು ಸಾರಾಸಗಟಾಗಿ ದೂಷಿಸಲಿಲ್ಲ, ಒಟ್ಟಾರೆ ಶಿಸ್ತಿನಲ್ಲಿತ್ತು ಎಂದೇ ಹೇಳಿತು. ಆದರೆ ಕೆಲವು ಕಡೆ ಸಮವಸ್ತ್ರದವರೂ ಸೇರಿಕೊಂಡರು ಎಂಬುದನ್ನು ಮುಚ್ಚಿಡಲಿಲ್ಲ. ಪಟೇಲರು ಈ ತಂಡದ ಕೆಲಸವನ್ನು ಒಪ್ಪಲಿಲ್ಲ. ವರದಿ ಪ್ರಕಟವಾಗಲಿಲ್ಲ. 2013ರಲ್ಲಿ ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಸಾಮಾನ್ಯರೂ ನೋಡಬಹುದಾದ ಹೊತ್ತಿಗೆ ಅದಕ್ಕೆ ಅರವತ್ತೈದು ವರ್ಷ ವಯಸ್ಸಾಗಿತ್ತು.

ಇಲ್ಲೊಂದು ದಿನಾಂಕ ನನ್ನನ್ನು ಕಾಡುತ್ತದೆ. ಪೋಲೆಂಡಿನ ವಕೀಲ ರಫಾಯೆಲ್ ಲೆಮ್ಕಿನ್ 1944ರಲ್ಲಿ 'ಜೆನೊಸೈಡ್' ಎಂಬ ಪದವನ್ನು ಹುಟ್ಟಿಸಿ, ಅದು ಕಾನೂನಾಗಲಿ ಎಂದು ವರ್ಷಗಟ್ಟಲೆ ಬಾಗಿಲು ಬಾಗಿಲು ಬಡಿದ. ಕೊನೆಗೆ ವಿಶ್ವಸಂಸ್ಥೆ ಪ್ಯಾರಿಸ್ಸಿನಲ್ಲಿ ಆ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟದ್ದು 1948ರ ಡಿಸೆಂಬರ್ 9ರಂದು. ಆ ದಿನ ಸುಂದರಲಾಲರ ತಂಡ ನಮ್ಮ ಜಿಲ್ಲೆಗಳ ನಡುವೆ ಎಲ್ಲೋ ಇತ್ತು, ಹೆಣ ಎಣಿಸುತ್ತಿತ್ತು. ಪ್ಯಾರಿಸ್ಸಿಗೆ ಹೈದರಾಬಾದ್ ಅಪರಿಚಿತ ಹೆಸರಾಗಿರಲಿಲ್ಲ. ಸೆಪ್ಟೆಂಬರ್ 16ಕ್ಕೆ ಅಲ್ಲೇ ಕೂತಿದ್ದ ಭದ್ರತಾ ಮಂಡಳಿ ಹೈದರಾಬಾದಿನ ದೂರನ್ನು ಕೈಗೆತ್ತಿಕೊಂಡಿತ್ತು.

1948ರಲ್ಲಿ ನಮ್ಮಲ್ಲಿ ಆದದ್ದಕ್ಕೆ ಲೆಮ್ಕಿನ್ನನ ಪದ ಹೊಂದುತ್ತದೆಯೇ? ಕಾನೂನು ಕೇಳುವುದು ಸಂಖ್ಯೆಯನ್ನಲ್ಲ, ಒಂದು ಗುಂಪನ್ನು ಪೂರ್ತಿಯಾಗಿಯೋ ಭಾಗಶಃವಾಗಿಯೋ ಇಲ್ಲವಾಗಿಸುವ ಉದ್ದೇಶವನ್ನು. ನಾನು ಎಂಟೆಕ್ ಓದಿದವನು, ತೀರ್ಪು ಕೊಡುವ ಯೋಗ್ಯತೆ ನನಗಿಲ್ಲ. ನನ್ನ ತಕರಾರು ಸಣ್ಣದು. ಆ ಪದವನ್ನು ಸೆಪ್ಟೆಂಬರ್ 17ಕ್ಕೆ ಮೊದಲಿನದಕ್ಕೆ ಬಳಸುವವರು 17ರ ನಂತರದ್ದಕ್ಕೂ ಬಳಸಲಿ. ಅಲ್ಲಿಗೆ ಬೇಡ ಅನ್ನಿಸಿದರೆ ಇಲ್ಲಿಗೂ ಬೇಡ. ಪದದ ಅಳತೆ ಸತ್ತವನ ಧರ್ಮ ನೋಡಿ ಬದಲಾಗುವುದನ್ನು ಮಕ್ಕಳು ಬಹಳ ಬೇಗ ಕಂಡುಹಿಡಿಯುತ್ತಾರೆ. ಕಂಡುಹಿಡಿದು, ಇತಿಹಾಸ ಎಂದರೆ ಇಷ್ಟೇ ಎಂದುಕೊಳ್ಳುತ್ತಾರೆ.

ಮಗಳು ಕಳೆದ ವರ್ಷ ಒಂಬತ್ತನೆಯ ತರಗತಿಯ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ನಾತ್ಸಿಸಂ ಮತ್ತು ಹಿಟ್ಲರನ ಉದಯದ ಅಧ್ಯಾಯ ಓದಿದಳು. ಒಳ್ಳೆಯ ಅಧ್ಯಾಯ, ನಾನೂ ಓದಿದೆ. ಈ ವರ್ಷ ಹತ್ತರ ಇಂಗ್ಲಿಷ್ ಪುಸ್ತಕದಲ್ಲಿ ಆ್ಯನ್ ಫ್ರಾಂಕಳ ಡೈರಿಯ ಭಾಗ ಇದೆ. ಅವಳಿಗೆ ಆಶ್ವಿಟ್ಜ್ ಗೊತ್ತು, ಆಮ್‌ಸ್ಟರ್‌ಡ್ಯಾಮಿನ ಮಾಳಿಗೆ ಗೊತ್ತು. ಕಾರಿನಲ್ಲಿ ಮೂರು ಗಂಟೆ ದೂರದ ಬೀದರಿನಲ್ಲಿ ಏನಾಯಿತು ಎಂದು ಗೊತ್ತಿರಲಿಲ್ಲ. ಆಶ್ವಿಟ್ಜ್ ಕಲಿಸಬೇಡಿ ಎನ್ನುತ್ತಿಲ್ಲ. ಆದರೆ ದೂರದವರ ಪಾಪದ ಬಗ್ಗೆ ಉತ್ತರ ಬರೆಯುವುದು ಸುಲಭ, ಐದು ಅಂಕಕ್ಕೆ ಐದೂ ಸಿಗುತ್ತದೆ.

2011ರಲ್ಲಿ ಒಂದು ಪ್ರಾಜೆಕ್ಟಿಗಾಗಿ ಏಳು ತಿಂಗಳು ಫ್ರಾಂಕ್‌ಫರ್ಟಿನಲ್ಲಿದ್ದೆ. ನಾನಿದ್ದ ಬೀದಿಯ ಫುಟ್‌ಪಾತಿನಲ್ಲಿ ಕಲ್ಲುಗಳ ನಡುವೆ ಅಂಗೈಯಗಲದ ಹಿತ್ತಾಳೆಯ ಬಿಲ್ಲೆಗಳಿದ್ದವು. ಮೊದಲು ಟೆಲಿಫೋನ್ ಕಂಪನಿಯದ್ದು ಅಂದುಕೊಂಡಿದ್ದೆ. 'ಎಡವುಗಲ್ಲು' ಎಂಬ ಅರ್ಥದ ಹೆಸರು ಅವಕ್ಕೆ. ಗುಂಟರ್ ಡೆಮ್ನಿಗ್ ಎಂಬ ಕಲಾವಿದ 1992ರಿಂದ ಹಾಕುತ್ತಾ ಬಂದದ್ದು, ಈಗ ಯುರೋಪಿನ ತುಂಬ ಒಂದು ಲಕ್ಷ ದಾಟಿವೆ. ಇಲ್ಲಿ ವಾಸವಿದ್ದರು, ಇಂಥ ಹೆಸರು, ಹುಟ್ಟಿದ್ದು ಇಂಥ ವರ್ಷ, ಸಾಗಿಸಿದ್ದು ಇಂಥ ವರ್ಷ, ಕೊಂದದ್ದು ಇಂಥಲ್ಲಿ. ನಮ್ಮ ಟೀಮಿನ ಜರ್ಮನ್ ಟೆಸ್ಟ್ ಲೀಡ್ ಒಮ್ಮೆ ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ತನ್ನ ತಾತ ಯಾವ ಘಟಕದಲ್ಲಿದ್ದ ಎಂದು ಶಾಲೆಯ ಪ್ರಾಜೆಕ್ಟಿಗಾಗಿ ಹುಡುಕಿದ್ದನ್ನು ಹೇಳಿದಳು. ಹೆಮ್ಮೆಯೂ ಇರಲಿಲ್ಲ, ಅಳುವೂ ಇರಲಿಲ್ಲ. ಹೇಳಿ ಸೂಪ್ ಕುಡಿದಳು. ನಾನು ಸುಮ್ಮನಿದ್ದೆ. ನಮ್ಮಲ್ಲಿ ಪ್ರತಿ ಸ್ಮಾರಕವೂ ನಮಗೆ ಇನ್ನೊಬ್ಬರು ಮಾಡಿದ್ದರ ಸ್ಮಾರಕ. ಗೋರಟಾದಲ್ಲಿ 2023ರ ಮಾರ್ಚಿನಲ್ಲಿ ಹುತಾತ್ಮರ ಸ್ಮಾರಕ, ಪಟೇಲರ ಪ್ರತಿಮೆ ಉದ್ಘಾಟನೆಯಾಯಿತು, ಆಗಬೇಕಾದದ್ದೇ. 17ರ ನಂತರ ಸತ್ತವರಿಗೆ ಒಂದು ಕಲ್ಲನ್ನು ನಾನು ನನ್ನ ಜಿಲ್ಲೆಯಲ್ಲಿ ಎಲ್ಲೂ ಎಡವಿಲ್ಲ.

ಈಗ ನನ್ನ ಮನೆಯ ವಿಷಯ. ಇದನ್ನು ಬರೆಯಬೇಡ ಎಂದು ಅಣ್ಣ ಹೇಳಿದ್ದಾನೆ.

ನನ್ನ ಅಜ್ಜಿ ರಜಾಕಾರರ ಕಥೆ ಹೇಳುವುದರಲ್ಲಿ ಗಟ್ಟಿಗಿತ್ತಿ. ರಾತ್ರಿ ತೊಗರಿ ಹೊಲದಲ್ಲಿ ಮಲಗಿದ್ದು, ಕೂಸು ಅಳದ ಹಾಗೆ ಬಾಯಿಗೆ ಬಟ್ಟೆ ಒತ್ತಿದ್ದು, ಜೋಳ ತುಂಬಿದ ಹಗೇವಿನ ಬಾಯಿಯನ್ನು ಮಣ್ಣು ಹಾಕಿ ಮುಚ್ಚಿ ಮೇಲೆ ಎಮ್ಮೆ ಕಟ್ಟಿದ್ದು. ಎಲ್ಲ ನಿಜ. 'ಮುಂದ ಮಿಲ್ಟ್ರಿ ಬಂತು, ಎಲ್ಲಾ ಶಾಂತ ಆತು' ಎಂದು ಅವಳ ಕಥೆ ಮುಗಿಯುತ್ತಿತ್ತು. ಮಸೂತಿಯ ಓಣಿಯ ನಾಲ್ಕು ಮನೆ ಯಾಕೆ ಪಾಳು ಬಿದ್ದಿವೆ ಎಂದರೆ, 'ಅವರು ಹೋದ್ರು' ಎನ್ನುತ್ತಿದ್ದಳು. ಎಲ್ಲಿಗೆ? 'ಹೋಗ್ಲಿ ಬಿಡು ತಮ್ಮಾ, ಉಣ್ಣು.'

ನಮ್ಮ ಬಚ್ಚಲಿನಲ್ಲಿ ಒಂದು ತಾಮ್ರದ ಹಂಡೆ ಇತ್ತು. ಊರಿನ ಮನೆ ಕೆಡವಿದಾಗ ಹೆಂಡತಿ ಅದನ್ನು ಹೈದರಾಬಾದಿಗೆ ತಂದು, ಹುಣಸೆಹಣ್ಣು ಹಚ್ಚಿ ತಿಕ್ಕಿಸಿ, ಕೊಂಡಾಪುರದ ನಮ್ಮ ಫ್ಲ್ಯಾಟಿನ ಬಾಗಿಲ ಪಕ್ಕ ಇಟ್ಟಳು. ಬಂದವರೆಲ್ಲ ಹೊಗಳುತ್ತಾರೆ. ಅದರ ಕಂಠದ ಮೇಲೆ ಚುಕ್ಕಿ ಹೊಡೆದು ಬರೆದ ಅಕ್ಷರಗಳಿವೆ, ಉರ್ದು. ನಿಜಾಮನ ಕಾಲದ ಪಾತ್ರೆ ಅಲ್ಲವೇ, ಇರುತ್ತದೆ ಎಂದು ನಾನು ಅದರ ಬಗ್ಗೆ ಯೋಚಿಸಿಯೇ ಇರಲಿಲ್ಲ. ನಲವತ್ತು ವರ್ಷ ಅದೇ ಹಂಡೆಯ ನೀರಿನಲ್ಲಿ ಸ್ನಾನ ಮಾಡಿದವನು.

ನಾಟಕದ ವಾರದಲ್ಲಿ ಅಪ್ಪ ನಮ್ಮಲ್ಲಿದ್ದರು. ಅವರಿಗೀಗ ಎಂಬತ್ತೇಳು ದಾಟಿದೆ. ಅವರ ಪ್ರಾಥಮಿಕ ಶಾಲೆ ಉರ್ದು ಮಾಧ್ಯಮ. ಆಗ ನಮ್ಮ ಕಡೆ ಸರ್ಕಾರಿ ಶಾಲೆ ಎಂದರೆ ಅದೇ. ಮಗಳು ಹಂಡೆಯ ಹತ್ತಿರ ಕೂತು, 'ತಾತಾ, ಇದರ ಮೇಲೆ ಏನು ಬರ್ದಿದೆ?' ಎಂದು ಕೇಳಿದಳು. ಅಪ್ಪ ಕನ್ನಡಕ ಹಾಕಿಕೊಳ್ಳಲಿಲ್ಲ, ಹಂಡೆಯ ಕಡೆ ತಿರುಗಲೂ ಇಲ್ಲ. ಟೀವಿ ನೋಡುತ್ತಲೇ ಒಂದು ಹೆಸರು ಹೇಳಿದರು. ತಂದೆಯ ಹೆಸರು ಸಮೇತ.

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ಮೊಮ್ಮಕ್ಕಳು ಇದೇ ಊರಿನಲ್ಲಿ, ನನ್ನ ಹಾಗೆಯೇ ಯಾವುದೋ ಟವರಿನ ಯಾವುದೋ ಮಹಡಿಯಲ್ಲಿ ಕೆಲಸ ಮಾಡುತ್ತಿರಬಹುದು. ಹಂಡೆ ನಮ್ಮ ಮನೆಗೆ ಹೇಗೆ ಬಂತು ಎಂದು ಅಪ್ಪನನ್ನು ಕೇಳಿದೆ. 'ಆಗ ಎಲ್ಲಾರ ಮನಿಗೂ ಏನರ ಬಂತು' ಎಂದರು. ಅವರಿಗೆ ಆಗ ಹತ್ತು ವರ್ಷ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಎಪ್ಪತ್ತಾರು ವರ್ಷ ಅದನ್ನು ದಿನಾ ಓದುತ್ತಾ ಸ್ನಾನ ಮಾಡಿದರಲ್ಲ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ.

ಇದನ್ನು ಹೇಳಿದಾಗಲೆಲ್ಲ ಒಂದು ಮಾತು ಬರುತ್ತದೆ: ಅದು ಪ್ರತೀಕಾರ, ರಜಾಕಾರರು ಮಾಡಿದ್ದಕ್ಕೆ ಜನ ಉತ್ತರ ಕೊಟ್ಟರು. ಸರಿ, ಪ್ರತೀಕಾರದ ಲೆಕ್ಕವನ್ನೇ ನೋಡೋಣ. ಕಾಸಿಂ ರಜ್ವಿ 1957ರವರೆಗೆ ಜೈಲಿನಲ್ಲಿದ್ದ. ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೋಗಿ 1970ರಲ್ಲಿ ಅಲ್ಲಿ ಸತ್ತ. ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ 1950ರಿಂದ 1956ರವರೆಗೆ ಅದೇ ಹೈದರಾಬಾದ್ ರಾಜ್ಯದ ರಾಜಪ್ರಮುಖ, ಭಾರತ ಸರ್ಕಾರವೇ ಕೊಟ್ಟ ಪದವಿ. ಹಾಗಾದರೆ ಪ್ರತೀಕಾರ ಯಾರ ಮೇಲೆ ಆಯಿತು? ನೇಕಾರರ ಮೇಲೆ, ಪಿಂಜಾರರ ಮೇಲೆ, ಮಸೂತಿ ಓಣಿಯ ನಾಲ್ಕು ಮನೆಗಳ ಮೇಲೆ. ಓಡಿಹೋಗಲು ಶಕ್ತಿಯಿದ್ದ ರಜಾಕಾರ ಓಡಿಹೋಗಿದ್ದ. ಉಳಿದವನು ಓಡಿಹೋಗಲು ಕಾರಣವಿಲ್ಲ ಎಂದುಕೊಂಡಿದ್ದವನು.

ಇನ್ನೊಂದು ಕಡೆಯ ಗೆಳೆಯರಿಗೂ ಒಂದು ಮಾತು. ಸುಂದರಲಾಲ್ ವರದಿಯನ್ನು ಕಂಠಪಾಠ ಮಾಡಿ, ಗೋರಟಾ ಎಂದರೆ ಕೈಬೀಸಿ 'ಅದು ಈಚೆಗೆ ರಾಜಕೀಯಕ್ಕೆ ಎತ್ತಿಕಟ್ಟಿದ್ದು' ಎನ್ನುವವರು ನಮ್ಮ ಪುಸ್ತಕ ಬಿಡುಗಡೆಗಳಲ್ಲಿ ಸಿಗುತ್ತಾರೆ. ನನ್ನ ಅಜ್ಜಿ ತೊಗರಿ ಹೊಲದಲ್ಲಿ ಮಲಗಿದ್ದು ರಾಜಕೀಯಕ್ಕಲ್ಲ. ಅವಳ ಭಯವನ್ನು ಒಪ್ಪದವನು ಹಂಡೆಯ ವಿಷಯ ಎತ್ತಿದರೆ ನಮ್ಮೂರಿನಲ್ಲಿ ಯಾರೂ ಕೇಳಿಸಿಕೊಳ್ಳುವುದಿಲ್ಲ, ಕೇಳಿಸಿಕೊಳ್ಳಬೇಕಾಗಿಯೂ ಇಲ್ಲ.

ನಮ್ಮ ಕೆಲಸದಲ್ಲಿ ದೊಡ್ಡ ಸಿಸ್ಟಮ್ ಬಿದ್ದರೆ ಮರುದಿನ ಆರ್‌ಸಿಎ ಬರೆಯುತ್ತೇವೆ, ಮೂಲಕಾರಣದ ವಿಶ್ಲೇಷಣೆ. ಯಾವ ನಿಮಿಷಕ್ಕೆ ಏನಾಯಿತು ಎಂಬ ಪಟ್ಟಿ ಅದರ ಬೆನ್ನೆಲುಬು. ನಮ್ಮ ಟೀಮಿನಿಂದ ಆದ ತಪ್ಪು ಬರುವ ಹೊತ್ತಿಗೆ ಲಾಗನ್ನು ಕತ್ತರಿಸಿ ಕೊಟ್ಟರೆ ಕ್ಲೈಂಟ್ ಅಂದೇ ಗುತ್ತಿಗೆ ಮುರಿಯುತ್ತಾನೆ. ಮಕ್ಕಳಿಗೆ ಮಾತ್ರ 17ರ ಮಧ್ಯಾಹ್ನಕ್ಕೆ ಕತ್ತರಿಸಿದ ಲಾಗ್ ಕೊಡುತ್ತಿದ್ದೇವೆ. ಆ ದಿನಕ್ಕೆ ಏನು ಹೆಸರಿಡಬೇಕು ಎಂಬ ಜಗಳದಲ್ಲಿ ಮಾತ್ರ ಯಾರೂ ಹಿಂದೆ ಬಿದ್ದಿಲ್ಲ. 2022ರಲ್ಲಿ ಇದೇ ಊರಿನಲ್ಲಿ ಒಂದೇ ಬೆಳಿಗ್ಗೆ ಪರೇಡ್ ಗ್ರೌಂಡಿನಲ್ಲಿ ಕೇಂದ್ರದವರ ವಿಮೋಚನಾ ದಿನ, ಪಬ್ಲಿಕ್ ಗಾರ್ಡನಿನಲ್ಲಿ ರಾಜ್ಯದವರ ಏಕತಾ ದಿನ. 2024ರಿಂದ ರಾಜ್ಯದವರದ್ದು ಪ್ರಜಾಪಾಲನಾ ದಿನ. ಗಡಿಯಾಚೆ ನಮ್ಮಲ್ಲಿ ಕಲ್ಯಾಣ ಕರ್ನಾಟಕ ಉತ್ಸವ. 2019ರಲ್ಲಿ ಹೈದರಾಬಾದ್-ಕರ್ನಾಟಕ ಎಂಬ ಹೆಸರಿನಿಂದ ಹೈದರಾಬಾದನ್ನೇ ಕೈಬಿಟ್ಟೆವು. ನನಗೆ ಹೊಸ ಹೆಸರು ಇಷ್ಟವೇ. ಆದರೆ ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯ, ಮಧುವರಸರಿಗೆ ಆದದ್ದನ್ನು ಕನ್ನಡದ ಪ್ರತಿ ಮಗುವೂ ಕೇಳಿರುತ್ತದೆ, ಅದರ ಮೇಲೆ ಕಾರ್ನಾಡರ 'ತಲೆದಂಡ' ಇದೆ. ಅದೇ ಸೀಮೆಯಲ್ಲಿ ನನ್ನ ಅಪ್ಪ ಹತ್ತು ವರ್ಷದವರಾಗಿದ್ದಾಗ ಆದದ್ದು ನನ್ನ ಶಾಲೆಯೊಳಗೆ ಬರಲೇ ಇಲ್ಲ.

ಹಾಗಾದರೆ ಏನು ಕಲಿಸಬೇಕು? ನಾನು ಮೇಷ್ಟ್ರಲ್ಲ. ಆದರೂ ಎಂಟು, ಒಂಬತ್ತನೆಯ ತರಗತಿಗೆ ಎರಡು ಪೀರಿಯಡ್ ಸಾಕು ಅನ್ನಿಸುತ್ತದೆ. ಮೇ ತಿಂಗಳ ಗೋರಟಾ, ಆಗಸ್ಟಿನ ಭೈರನಪಲ್ಲಿ ಮತ್ತು ಕಾಚಿಗುಡ, ಸೆಪ್ಟೆಂಬರಿನ ನಂತರದ ಲಾತೂರು, ಬೀದರ್, ಎಲ್ಲ ಒಂದೇ ಕರಿಹಲಗೆಯ ಮೇಲೆ ಬರಲಿ. ಸಂಖ್ಯೆಯ ಬಗ್ಗೆ ಜಗಳವಿದೆ ಎಂದು ಹೆದರುವುದು ಬೇಡ, ಜಗಳವನ್ನೇ ಪಾಠ ಮಾಡಬಹುದು: 27 ಸಾವಿರ ಎಂದವರು ಯಾರು, ಯಾರನ್ನು ಕೇಳಿ ಎಣಿಸಿದರು, ಎಣಿಸಿದ್ದನ್ನು ಯಾಕೆ ಪೆಟ್ಟಿಗೆಯಲ್ಲಿಟ್ಟರು. ಹದಿನಾಲ್ಕು ವರ್ಷದ ಮಕ್ಕಳು ಇದಕ್ಕಿಂತ ಕಷ್ಟದ ಬೀಜಗಣಿತ ಮಾಡುತ್ತಾರೆ. ಮತ್ತೆ, ಆ ವರದಿಯಲ್ಲೇ ಇರುವ ಇನ್ನೊಂದು ಸಂಗತಿ ಬಿಟ್ಟುಹೋಗಬಾರದು. ಕೆಲವು ಊರುಗಳಲ್ಲಿ ಹಿಂದೂಗಳು ಮುಸ್ಲಿಂ ನೆರೆಯವರಿಗೆ ಅಡ್ಡ ನಿಂತು ತಾವೇ ಸತ್ತರು. ಹಿಂದೂ ನೇಕಾರರು ಮುಸ್ಲಿಂ ನೇಕಾರರನ್ನು ತಮ್ಮ ಧರ್ಮದವರಿಂದಲೇ ಕಾಪಾಡಿದರು. ಮಗ್ಗದ ನಂಟು. ಅವರು ಪೋಸ್ಟರಿನ ಪಾರಿವಾಳ ನೋಡಿ ಹಾಗೆ ಮಾಡಿರಲಿಕ್ಕಿಲ್ಲ; ಒಂದೇ ಸಾಹುಕಾರನ ಹತ್ತಿರ ನೂಲು ತಂದು, ಒಂದೇ ಸಂತೆಯಲ್ಲಿ ಸೀರೆ ಮಾರಿದವರು. ಸಹಿಷ್ಣುತೆ ಎಂಬ ಪದ ನನಗೆ ಅಷ್ಟಾಗಿ ಸೇರುವುದಿಲ್ಲ, ಹಲ್ಲುನೋವನ್ನು ಸಹಿಸಿದ ಹಾಗೆ ಕೇಳುತ್ತದೆ. ಆ ನೇಕಾರರು ಮಾಡಿದ್ದಕ್ಕೆ ಬೇರೆ ಪದ ಬೇಕು.

ಮತ್ತು ಯಾವ ಮಗುವಿಗೂ ಅದರ ಹೆಸರು ನೋಡಿ ಪಾತ್ರ ಕೊಡಬಾರದು. ಇದು ಸಣ್ಣ ವಿಷಯವಲ್ಲ. 1994ಕ್ಕೆ ಮುಂಚೆ ರವಾಂಡಾದ ತರಗತಿಗಳಲ್ಲಿ ಟುಟ್ಸಿ ಮಕ್ಕಳನ್ನು, ಹುಟು ಮಕ್ಕಳನ್ನು ಬೇರೆ ಬೇರೆಯಾಗಿ ಎದ್ದು ನಿಲ್ಲಿಸಿ ಎಣಿಸುತ್ತಿದ್ದರು. ನರಮೇಧ ಮುಗಿದ ಮೇಲೆ, ಹಳೆಯ ಇತಿಹಾಸ ಪಾಠವೇ ವಿಷದ ಒಂದು ಭಾಗವಾಗಿತ್ತೆಂದು ಆ ದೇಶ ವರ್ಷಗಟ್ಟಲೆ ಶಾಲೆಗಳಲ್ಲಿ ದೇಶದ ಇತಿಹಾಸ ಕಲಿಸುವುದನ್ನೇ ನಿಲ್ಲಿಸಿತು. ನಮ್ಮ ಶಾಲೆ ರವಾಂಡಾ ಎನ್ನುತ್ತಿಲ್ಲ. ಆ ಕೇರಳದ ಹುಡುಗನಿಗೆ ಅಂದು ಯಾಕೆ ಜ್ವರ ಬಂತು ಎಂದು ಹೇಳುತ್ತಿದ್ದೇನೆ.

ಶಾಲೆಗಳು ಇದನ್ನು ಕಲಿಸುತ್ತವೆಂದು ಕಾಯುತ್ತಾ ಕೂರುವ ತಾಳ್ಮೆ ನನಗಿಲ್ಲ. ಈ ಊರಿನಲ್ಲಿರುವ ನಾವು ಕನ್ನಡದವರು ವಿಚಿತ್ರ ಜಾಗದಲ್ಲಿದ್ದೇವೆ. ಇಲ್ಲಿದ್ದಾಗ ಇರಾನಿ ಚಹಾ, ಹಲೀಮ್, ನಿಜಾಮನ ಮುತ್ತು ಎಂದು ಮೆಚ್ಚುತ್ತೇವೆ. ಹಬ್ಬಕ್ಕೆ ಊರಿಗೆ ಹೋದಾಗ ಕಟ್ಟೆಯ ಮೇಲೆ ಕೂತು ರಜಾಕಾರರನ್ನು ಬೈಯುತ್ತೇವೆ. ಎರಡೂ ಕಡೆ ಬಾಯಿ ಬಿಡದ ಸಂಗತಿ ಒಂದೇ. ಅದನ್ನು ಹೇಳಬಲ್ಲವರು ನಮ್ಮ ಮನೆಗಳಲ್ಲಿ ಈಗ ಎಂಬತ್ತೈದು, ತೊಂಬತ್ತರ ಮೇಲಿದ್ದಾರೆ. ಅವರ ಔಷಧಿಯ ಡಬ್ಬಿ ತುಂಬುವವರು ನಾವು, ನಮಗೆ ಲೆಕ್ಕ ಗೊತ್ತಿದೆ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಭಾನುವಾರ ಬೆಳಿಗ್ಗೆ ಹದಿನಾಲ್ಕು ಮಕ್ಕಳಿಗೆ ಕನ್ನಡ ಅಕ್ಷರ ಹೇಳಿಕೊಡುತ್ತೇವೆ. ಈ ಸೆಪ್ಟೆಂಬರಿನ ಎರಡು ಭಾನುವಾರ ಹತ್ತು ವರ್ಷ ದಾಟಿದವರಿಗೆ ಅಕ್ಷರ ಬಿಟ್ಟು ಇದನ್ನು ಹೇಳುತ್ತೇನೆ. ಮೂವರು ಪೋಷಕರು ಮಕ್ಕಳನ್ನು ಕಳಿಸುವುದಿಲ್ಲ ಎಂದಿದ್ದಾರೆ, ಒಬ್ಬರು ತಾವೂ ಬಂದು ಕೂರುತ್ತೇವೆ ಎಂದಿದ್ದಾರೆ. ಕೇರಳದ ಹುಡುಗನಿಗೂ ಮಗಳು ಹೇಳಿದ್ದಾಳೆ. ಕನ್ನಡ ಬಾರದಿದ್ದರೂ ಬರಬಹುದು. ಹಂಡೆಯನ್ನು ಕ್ಲಬ್ ಹೌಸಿಗೆ ಇಳಿಸಲು ವಾಚ್‌ಮನ್ನಿಗೆ ಹೇಳಿಟ್ಟಿದ್ದೇನೆ. ಅಪ್ಪನನ್ನು ಕರೆದಿದ್ದೇನೆ. ಬರುತ್ತೇನೆ ಎಂದಿದ್ದಾರೆ, ಓದುತ್ತೇನೆ ಎಂದು ಇನ್ನೂ ಹೇಳಿಲ್ಲ.